ನನ್ನ ಪಾಲಿನ ಗಿಣ್ಣು

ಲೋಕದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ತಿನಿಸು ಗಿಣ್ಣು. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಏಕೆಂದರೆ ಮುಂದೆ ನಾನು ಹಾಲು, ಮೊಸರು, ತುಪ್ಪಗಳನ್ನು ತೊರೆದ ಮಹಾತ್ಯಾಗಿಯ ಧಾಟಿಯಲ್ಲಿ ಮಾತಾಡಲಿದ್ದೇನೆ, ನೀವು ನಂಬಿಬಿಡುವ ಅಪಾಯವಿದೆ. ಹಸು ಈದ ಮೊದಲ ದಿನಗಳ ಹಳದಿ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ, ತಟ್ಟೆಯನ್ನು ಸ್ವಲ್ಪ ಅಲುಗಿಸಿದರೂ ನಡುಗುವ ಆ ತುಂಡು ಇದೆಯಲ್ಲ, ಅದನ್ನು ನೆನೆದರೆ ನನ್ನ ತತ್ವಗಳೂ ಅದರ ಜೊತೆಗೇ ನಡುಗುತ್ತವೆ.

ಹೊಸ ಶತಮಾನ ಹುಟ್ಟಿ ಇನ್ನೂ ಅಂಬೆಗಾಲಿಡುತ್ತಿದ್ದ ದಿನಗಳು. ನಾನು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದೆ. ರಾಯಚೂರಿನ ಕಡೆಯಿಂದ ಬಂದ ನಾನೂ ನನ್ನ ಹೆಂಡತಿ ಶಾಂತಾಳೂ ಪಿಳ್ಳಮ್ಮನವರ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆವು. ಪಿಳ್ಳಮ್ಮನವರದು ಆ ಊರಿನ ಹಳೆಯ ಬೇಸಾಯದ ಮನೆತನ. ಹೊಲಗಳೆಲ್ಲ ಒಂದೊಂದಾಗಿ ಕಾರ್ಖಾನೆಗಳಾಗಿ, ಕಟ್ಟಡಗಳಾಗಿ ಎದ್ದು ನಿಂತಿದ್ದರೂ ಹಿತ್ತಿಲಾಚೆಗೆ ಅವರೆಕಾಯಿ ಬೆಳೆಯುವ ಒಂದು ತುಂಡು ನೆಲವನ್ನೂ, ಕೊಟ್ಟಿಗೆಯಲ್ಲಿ ಒಂದು ಹಸುವನ್ನೂ ಅವರು ಬಿಟ್ಟುಕೊಟ್ಟಿರಲಿಲ್ಲ. ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ನಿಂತು "ಶಾಂತಮ್ಮಾ, ಹಾಲೂ" ಎಂದು ಕೂಗಿದರೆ ನಮ್ಮ ಮನೆಗೆ ಬೆಳಗಾಯಿತು ಎಂದರ್ಥ. ಹಾಲಿನ ಜೊತೆ ಒಂದು ಎಸಳು ಕರಿಬೇವು, ಹೋಗಿಬರುವವರ ಸುದ್ದಿ, ನನ್ನ ಹೊಟ್ಟೆ ಬೆಳೆಯುತ್ತಿರುವುದರ ಬಗ್ಗೆ ಒಂದು ಟೀಕೆ, ಇಷ್ಟೂ ಆ ಚೊಂಬಿನಲ್ಲೇ ಬರುತ್ತಿದ್ದವು.

ಇಂಥ ಸುಖದ ನಡುವೆ ಒಂದು ಭಾನುವಾರ ಇಂದಿರಾನಗರಕ್ಕೆ ಗೆಳೆಯನೊಬ್ಬನನ್ನು ನೋಡಲು ಹೋದೆ. ಅವನ ಮನೆಗೆ ಬೀಗ. ಬಿಸಿಲು ಕಾದಿತ್ತು. ಪಕ್ಕದ ಸಭಾಂಗಣದಲ್ಲಿ ಫ್ಯಾನುಗಳು ತಿರುಗುತ್ತಿದ್ದವು, ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಗಾಳಿಯ ಆಸೆಗೆ ಒಳಹೊಕ್ಕವನು ಹೊರಗೆ ಬರುವಾಗ ಹಾಲು, ಮೊಸರು, ತುಪ್ಪವನ್ನೂ ಮುಟ್ಟದ ವೀಗನ್ ಆಗಿದ್ದೆ. ಒಳಗೆ ಗಿಡ್ಡ ಕೂದಲಿನ ಒಬ್ಬ ಹೆಂಗಸು ಪರದೆಯ ಮೇಲೆ ಒಂದು ಕರುವಿನ ಚಿತ್ರ ತೋರಿಸಿ, ಹಾಲು ಅದರದ್ದು, ನಿಮ್ಮದಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಕರು ಇಡೀ ಸಭೆಯಲ್ಲಿ ನನ್ನೊಬ್ಬನನ್ನೇ ನೋಡುತ್ತಿತ್ತು. ಆಮೇಲೆ ಅವರು ಹಾಲುತುಪ್ಪವಿಲ್ಲದೆ ಮನೆಯಲ್ಲೇ ಸುಲಭವಾಗಿ ಮಾಡಬಹುದಾದ ಒಂದು ಅದ್ಭುತ ಆಹಾರವನ್ನು ಪ್ರಾತ್ಯಕ್ಷಿಕೆಯಾಗಿ ತೋರಿಸಿದರು. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಕೂಡಿಸಿ ಕುಟ್ಟಿ, ಜೋಳದ ಹಿಟ್ಟಿನ ರೊಟ್ಟಿಯ ಜೊತೆ ಬಡಿಸುವುದು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನಮ್ಮವ್ವ ನನ್ನ ಶಾಲೆಯ ಚೀಲದಲ್ಲಿ ದಿನವೂ ಕಟ್ಟಿಡುತ್ತಿದ್ದ, ನಾಚಿಕೆಯಿಂದ ನಾನು ಬೆನ್ನು ತಿರುಗಿಸಿ ತಿನ್ನುತ್ತಿದ್ದ ರೊಟ್ಟಿ ಮತ್ತು ಶೇಂಗಾ ಹಿಂಡಿ ಅದು. ಇಂದಿರಾನಗರದಲ್ಲಿ ಅದಕ್ಕೆ ಸಿಕ್ಕ ಮರ್ಯಾದೆ ಕಂಡು ನನ್ನ ಎದೆ ಉಬ್ಬಿತು.

ಮನೆಗೆ ಬಂದು ಶಾಂತಾಳಿಗೆ ಪ್ರತಿಜ್ಞೆಯನ್ನು ತಿಳಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹಾಲು ಬಿಡತೀರಿ, ಸರಿ. ಚಾ?"

"ಚಾಕ್ಕ ಶೇಂಗಾ ಹಾಲು ಹಾಕೂದು."

"ಶೇಂಗಾ ಯಾವಾಗ ಈಯತೈತ್ರಿ?"

ಯೋಚಿಸಿದರೆ ನಮ್ಮ ಕಡೆಯ ಊಟದಲ್ಲಿ ಬಿಡಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಝುಣಕ, ಅಗಸಿ ಹಿಂಡಿ, ಇವುಗಳಲ್ಲಿ ಯಾವುದಕ್ಕೂ ಹಸುವಿನ ಹಂಗಿಲ್ಲ. ತೊಂದರೆ ಇದ್ದದ್ದು ಚಹಾದಲ್ಲಿ ಮತ್ತು ದೇವರಲ್ಲಿ. ನಮ್ಮ ದೇವರುಗಳ ಪೈಕಿ ಹಾಲು ಬಿಟ್ಟವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದೆ. ಒಬ್ಬ ಹಾಲಿನ ಕಡಲಲ್ಲೇ ಹಾಸಿಗೆ ಹಾಸಿದ್ದಾನೆ. ಅವನೇ ಇನ್ನೊಂದು ಅವತಾರದಲ್ಲಿ ನೆರೆಮನೆಯ ಬೆಣ್ಣೆ ಕದ್ದಿದ್ದಾನೆ. ಮತ್ತೊಬ್ಬನ ನೆತ್ತಿಯ ಮೇಲೆ ಅದು ಸುರಿಯುತ್ತಲೇ ಇರುತ್ತದೆ. ಹಾಗಾಗಿ ಮೇಲಿನವರ ಬೆಂಬಲವಿಲ್ಲದೆಯೇ ನಾನು ಮುಂದುವರಿಯಬೇಕಾಯಿತು.

ಶೇಂಗಾ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಕಾಯಿಸಿದರೆ ಹಾಲಿನಂಥದ್ದು ಬರುತ್ತದೆ. ಅದನ್ನು ಶುಂಠಿ ಚಹಾಕ್ಕೆ ಹಾಕಿದೆ. ಚಹಾ ಎರಡು ಪಂಗಡವಾಗಿ ಒಡೆದು ನೀರು ಕೆಳಗೆ, ತರಿ ಮೇಲೆ ನಿಂತಿತು. ಮಾರನೆಯ ದಿನ ಹಲಸೂರಿನಿಂದ ತೆಂಗಿನಕಾಯಿ ತಂದು ಕಾಯಿಹಾಲಿನ ಚಹಾ ಮಾಡಿದೆ. ಶಾಂತಾ ಒಂದು ಗುಟುಕು ಕುಡಿದು, "ಇದಕ್ಕೊಂದು ಒಗ್ಗರಣಿ ಕೊಟ್ರ ಸಾರು ಆಗತೈತ್ರಿ" ಎಂದಳು. ಶೇಂಗಾ ಹಾಲಿಗೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಇಟ್ಟರೆ ಮೊಸರಾಗುತ್ತದೆಂದು ಆ ಹೆಂಗಸು ಹೇಳಿದ್ದರು. ಅದೊಂದು ನಿಜವಾಗಿಯೂ ಹೆಪ್ಪಾಯಿತು. ಆ ಪಾತ್ರೆಯನ್ನು ನಾನು ಕೂಸನ್ನು ತೋರಿಸುವ ಹಾಗೆ ಅಕ್ಕಪಕ್ಕದ ಬಾಡಿಗೆಯವರಿಗೆಲ್ಲ ತೋರಿಸಿ ಬಂದೆ.

ಎಡವಟ್ಟಾದದ್ದು ಮೆಟ್ಟಿಲ ಬುಡದಲ್ಲಿ. ಪ್ರತಿಜ್ಞೆ ಮಾಡಿದ ಮರುಬೆಳಗ್ಗೆ ಪಿಳ್ಳಮ್ಮನವರು ಕೂಗಿದಾಗ ಶಾಂತಾ ಸ್ನಾನಕ್ಕೆ ಹೋಗಿದ್ದಳು. ನಾನೇ ಇಳಿದು ಹೋಗಿ, ತುಂಬು ಗಾಂಭೀರ್ಯದಿಂದ, "ಅಮ್ಮಾ, ಇನ್ಮೇಲೆ ನಮ್ಮನೆಗೆ ನಿಮ್ಮ ಹಾಲು ಬೇಡ. ನಾವು ವೀಗನ್" ಎಂದೆ. ಅವರು ಚೊಂಬನ್ನೂ ನನ್ನನ್ನೂ ನೋಡಿ ತಿರುಗಿ ಹೋದರು. ಅವರಿಗೆ ವಿಷಯ ಮನದಟ್ಟಾಯಿತೆಂದು ನಾನು ಭಾವಿಸಿದೆ. ಆದರೆ ಶಾಂತಾ ಚಹಾ ಬಿಡುವವಳಲ್ಲ. ಗಂಡ ಬೇಡವೆಂದು ಹೇಳಿಬಂದದ್ದನ್ನು ತಾನು ಹೋಗಿ ಕೇಳಲು ಅವಳಿಗೆ ಸಂಕೋಚ. ಆದ್ದರಿಂದ ಮೂಲೆಯ ಅಂಗಡಿಯವನಿಗೆ ಹೇಳಿ ಗೇಟಿಗೆ ಒಂದು ಚೀಲ ನೇತುಹಾಕಿದಳು. ಬೆಳಿಗ್ಗೆ ಅದರಲ್ಲಿ ಪ್ಯಾಕೆಟ್ ಹಾಲು ಬಂದು ಬೀಳತೊಡಗಿತು. ಆ ಗೇಟಿನ ಎದುರಿಗೇ ಪಿಳ್ಳಮ್ಮನವರ ಕೊಟ್ಟಿಗೆ.

ಆಮೇಲೆ ಕರಿಬೇವು ನಿಂತಿತು. ಸುದ್ದಿ ನಿಂತಿತು. ನನ್ನ ಹೊಟ್ಟೆಯ ಬಗ್ಗೆ ಯಾರೂ ಏನೂ ಹೇಳದಂತಾಯಿತು. ಅವರೆಕಾಯಿ ಬಿಡುವ ಕಾಲ ಬಂದು ಓಣಿಯ ಎಲ್ಲ ಮನೆಗಳಿಗೂ ಕಾಯಿ ತುಂಬಿದ ಮೊರ ಹೋದಾಗ ನಮ್ಮ ಮೆಟ್ಟಿಲು ಮಾತ್ರ ಖಾಲಿ ಉಳಿಯಿತು. ಕಡೆಗೆ ಒಂದು ಸಂಜೆ ನಲ್ಲಿಯ ಹತ್ತಿರ ಪಿಳ್ಳಮ್ಮನವರು ಶಾಂತಾಳನ್ನು ಕೇಳಿಯೇಬಿಟ್ಟರಂತೆ: "ನಮ್ಮನೇಲಿ ಕೋಳಿ ಕುಯ್ತೀವಿ ಅಂತ ನಮ್ ಹಸ ಕೊಟ್ಟ ಹಾಲೂ ಮೈಲಿಗೆ ಆಗೋಯ್ತೇನಮ್ಮಾ ನಿಮ್ ಯಜಮಾನ್ರಿಗೆ? ಇಷ್ಟ್ ವರ್ಸ ಕುಡಿದ್ರಲ್ಲ, ಆಗ ಗೊತ್ತಿರ್ಲಿಲ್ವಾ?"

ನಾನು ಗೋಡೆಗೊರಗಿ ಕುಳಿತುಬಿಟ್ಟೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆತನ. ಇನ್ನೊಬ್ಬರ ಮನೆಯ ನೀರಿಗೂ ಹಿಂದೆಮುಂದೆ ನೋಡುತ್ತಿದ್ದ ಅಜ್ಜಂದಿರನ್ನು ನಾನು ಕಂಡಿದ್ದೇನೆ, ಅವರನ್ನು ಹಾಸ್ಯ ಮಾಡಿದ್ದೇನೆ. ಈಗ ಭೂಮಿಯ ಮೇಲಿನ ಅತ್ಯಂತ ಹೊಸ ವಿಚಾರವೊಂದನ್ನು ತಲೆಗೇರಿಸಿಕೊಂಡು ಹೋಗಿ, ಅದೇ ಅಜ್ಜಂದಿರ ಮುಖ ತೋರಿಸಿ ಬಂದಿದ್ದೆ. ತಾವು ಕೈಯಾರೆ ಕರೆದ ಹಾಲನ್ನು ಬೇಡವೆಂದು, ತಮ್ಮ ಕಣ್ಣೆದುರೇ ಪ್ಯಾಕೆಟ್ ತರಿಸಿದವರ ಬಗ್ಗೆ ಆ ತಾಯಿ ಇನ್ನೇನು ತಿಳಿಯಬೇಕಿತ್ತು? ನನಗೆ ಬಹಳ ದುಃಖವಾಯಿತು, ಹೋಗಿ ವಿವರಿಸಲು ಮಾತ್ರ ನಾಚಿಕೆ ಬಿಡಲಿಲ್ಲ. ಅವರ ಮಾತಿಲ್ಲದ ಆ ಮನೆಯಲ್ಲಿ ಇರುವುದು ಬೇಡವೆನ್ನಿಸಿತು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬೆಳೆ ಹೊತ್ತು ನಿಂತ ಭೂಮಿ ಬಸುರಿ ಹೆಂಗಸಿದ್ದ ಹಾಗೆ. ಅವಳ ಬಯಕೆ ತೀರಿಸಲು ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಎರಚುತ್ತೇವೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ದೊಡ್ಡನೆಕ್ಕುಂದಿಯಲ್ಲಿ ನಮ್ಮ ಕಡೆಯ ಬಾಡಿಗೆಯವರು ಹತ್ತಾರು ಮಂದಿ ಇದ್ದೆವು. ಬುತ್ತಿ ಇತ್ತು, ಹೊಲ ಇರಲಿಲ್ಲ. ಪಿಳ್ಳಮ್ಮನವರ ಅವರೆಯ ತುಂಡು ನೆಲವನ್ನು ನಾನೇ ಹೋಗಿ ಕೇಳಿದೆ, ಹಾಗಾದರೂ ಮಾತು ಕೂಡಲೆಂದು.

"ಮಾಡ್ಕೊಳ್ಳಿ ಸಾರ್, ನಮ್ದೇನು" ಎಂದರು.

"ನೀವೂ ಊಟಕ್ಕೆ ಬರ್ಬೇಕಮ್ಮಾ."

"ನೋಡಾನ" ಎಂದು ಹಸುವಿಗೆ ಹುಲ್ಲು ಹಾಕಲು ಹೋದರು.

ಅಡುಗೆಯ ಉಸ್ತುವಾರಿ ನಾನೇ ವಹಿಸಿದೆ. ಸಜ್ಜೆ ರೊಟ್ಟಿ, ಎಲ್ಲ ಕಾಳು ಎಲ್ಲ ಸೊಪ್ಪು ಒಂದೇ ಪಾತ್ರೆಯಲ್ಲಿ ಕುದಿಸಿದ ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಮಜ್ಜಿಗೆ ಬೆರೆಸಬೇಕಾದ ಜೋಳದ ಅಂಬಲಿಗೆ ನನ್ನ ಶೇಂಗಾ ಮೊಸರನ್ನೇ ಕಡೆದು ಬೆರೆಸಿದೆ. ಯಾರಿಗೂ ವ್ಯತ್ಯಾಸ ತಿಳಿಯುವಂತಿರಲಿಲ್ಲ, ಹಾಗಾಗಿ ನಾನೇ ಎಲ್ಲರಿಗೂ ತಿಳಿಸಿ ಅವರ ರುಚಿ ಕೆಡಿಸಿದೆ. ಚರಗ ಚೆಲ್ಲಿಯಾಯಿತು. ಜಮಖಾನೆಯ ಮೇಲೆ ಎಲ್ಲರೂ ಕುಳಿತರು. ಪಿಳ್ಳಮ್ಮನವರು ಬಂದರು, ಆದರೆ ಬೇಲಿಯ ಹತ್ತಿರವೇ ನಿಂತರು. ನಾನು ತಟ್ಟೆ ಹಿಡಿದು ಓಡಿದೆ.

"ನಂದು ಊಟ ಆಯ್ತು" ಎಂದರು. ಊಟದ ಹೊತ್ತೇ ಆಗಿರಲಿಲ್ಲ. "ನೀವು ನಮ್ಮನೇದು ಮುಟ್ಟಲ್ಲ, ನಾವ್ ನಿಮ್ದು ತಿನ್ನೋದ್ ಹೆಂಗೆ ಸಾರ್?" ಎಂದು ಮೆಲ್ಲಗೆ ಹೇಳಿ ಮನೆಯ ಕಡೆ ನಡೆದರು.

ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಶಾಂತಾ ಬಂದು ಅದನ್ನು ಕಸಿದುಕೊಂಡು, "ಇಲ್ಲಿ ಕಲ್ಲಿನಂಗ ನಿಂತ್ರ ಏನ್ ಬಂತು? ಹೋಗ್ರಿ, ಅವರ ಮನ್ಯಾಗ ಕುಂತು ಉಂಡು ಬರ್ರಿ" ಎಂದಳು. ನನ್ನ ಇಡೀ ವೀಗನ್ ಪ್ರಕರಣದಲ್ಲಿ ಯಾರಾದರೂ ಹೇಳಿದ ಒಂದೇ ಒಂದು ಬುದ್ಧಿಯ ಮಾತು ಅದು.

ಹೋದೆ. ಅವರ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಅಮ್ಮಾ, ಹಸಿವಾಗಿದೆ. ಊಟ ಹಾಕಿ" ಎಂದೆ. ಅವರು ಮಣೆ ಹಾಕಿ, ತಟ್ಟೆಯಲ್ಲಿ ಒಂದು ಬಿಸಿ ರಾಗಿಮುದ್ದೆ ಇಟ್ಟು, ಹಿತಕಿದ ಅವರೆಬೇಳೆಯ ಸಾರು ಬಡಿಸಿದರು. ನಾನು ಕೈ ಹಾಕುವಷ್ಟರಲ್ಲಿ, "ನಿನ್ನೆ ಇದೇ ಪಾತ್ರೇಲಿ ಕೋಳಿ ಸಾರು ಮಾಡಿದ್ದೆ. ಆಯ್ತದಾ ನಿಮ್ಗೆ?" ಎಂದರು.

ನನ್ನ ಕೈ ನಿಂತಿತು. ಹೌದು, ನಿಂತಿತು, ಸುಳ್ಳು ಹೇಳಲಾರೆ. ಆ ಗಳಿಗೆಯಲ್ಲಿ ಪರದೆಯ ಮೇಲಿನ ಕರು ನನ್ನ ನೆರವಿಗೆ ಬರಲಿಲ್ಲ. ಹೊಟ್ಟೆಯೊಳಗೆ ಎದ್ದು ಕುಳಿತವರು ಆ ಅಜ್ಜಂದಿರೇ. ಪಿಳ್ಳಮ್ಮನವರು ಆರೋಪಿಸಿದ್ದು ಪೂರ್ತಿ ಸುಳ್ಳಲ್ಲವಲ್ಲ ಎಂದು ಹೊಳೆಯಿತು. ಕಣ್ಣುಮುಚ್ಚಿ ಒಂದು ದೊಡ್ಡ ತುತ್ತು ಮುರಿದು, ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡೆ.

ಜೋಳದ ನಾಡಿನವನಿಗೆ ಮುದ್ದೆಯ ವಿಷಯ ಏನು ಗೊತ್ತು? ರೊಟ್ಟಿಯ ಹಾಗೆ ಅಗಿದೆ. ಅದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಅಂಟಿ, ನಾಲಿಗೆಯನ್ನು ನಡುವೆ ಕಟ್ಟಿಹಾಕಿ, ಬಾಯಿ ತೆರೆಯುವುದೂ ಕಷ್ಟವಾಯಿತು. ಕಣ್ಣಲ್ಲಿ ನೀರು. ಪಿಳ್ಳಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಿಲ್ಲ.

"ಅಯ್ಯೋ, ಅಗೀಬಾರ್ದು ಕಣಪ್ಪಾ! ನುಂಗ್ಬೇಕು! ನೀರು ಕುಡಿ, ನೀರು ಕುಡಿ. ಕೋಳಿ ಪಾತ್ರೆ ಬೇರೆ ಐತೆ, ಸುಮ್ನೆ ಅಂದೆ."

ಸಾರ್ ಹೋಗಿ ಅಪ್ಪ ಆಗಿದ್ದೆ. ಬಾಯಿ ಬಿಡಿಸಿಕೊಂಡ ಮೇಲೆ ಹಾಲು ಬಿಟ್ಟ ಕಾರಣವನ್ನು ಈ ಸಲ ಕನ್ನಡದಲ್ಲಿ ಹೇಳಿದೆ. ಅದು ಕರುವಿನ ಪಾಲು, ಕುಡಿಯಲು ಮನಸ್ಸಾಗಲಿಲ್ಲ, ಅಷ್ಟೇ ಎಂದೆ. ಪ್ಯಾಕೆಟ್ಟಿನ ಕಥೆಯನ್ನೂ ಒಪ್ಪಿಸಿದೆ.

"ಇಷ್ಟೇನಾ? ಇದನ್ನ ಆವತ್ತೇ ಹೇಳೋಕೇನಾಗಿತ್ತು ನಿಂಗೆ? ನಾವೇನ್ ಕರೂಗೆ ಬಿಡ್ದೆ ಕರೀತೀವಾ?" ಎಂದು ಬೈದು, ಇನ್ನೊಂದು ಸೌಟು ಸಾರು ಹಾಕಿದರು. ಆಮೇಲೆ ಮಿಕ್ಕ ಸಾರಿನ ಪಾತ್ರೆಯನ್ನು ಸೊಂಟದ ಮೇಲಿಟ್ಟುಕೊಂಡು ನನ್ನ ಜೊತೆ ಹೊಲಕ್ಕೆ ಬಂದು, ಜಮಖಾನೆಯ ನಡುವೆ ಕುಳಿತು, ಅಂಬಲಿ ಕುಡಿದು, "ಮಜ್ಜಿಗೆ ಒಸಿ ಮುಗ್ಗು ವಾಸ್ನೆ" ಎಂದರು. ಆ ದಿನ ಶೇಂಗಾ ಮೊಸರಿನ ಬಗ್ಗೆ ನಾನು ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ.

ಗೇಟಿನ ಚೀಲ ಮಾಯವಾಯಿತು. ಶಾಂತಾಳಿಗೆ ಹಾಲು, ನನಗೆ ಕರಿಬೇವು ಮತ್ತು ಬೈಗುಳ, ಹೀಗೆ ಹಂಚಿಕೆಯಾಗಿ ಬೆಳಗುಗಳು ಮೊದಲಿನಂತಾದವು. ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಹಸು ಕರು ಹಾಕಿತು. ಬೆಲ್ಲ, ಏಲಕ್ಕಿಯ ಘಮ ಕೆಳಗಿನಿಂದ ಮಹಡಿಗೆ ಏರಿ ಬಂದಾಗ ನಾನು ಪತ್ರಿಕೆ ಓದುವ ನಟನೆ ಮಾಡುತ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಪ್ರೀತಿಯಿಂದ ತಂದದ್ದನ್ನು ಬೇಡವೆಂದು ಒಮ್ಮೆ ಆದ ಅನಾಹುತ ಸಾಲದೇ? ಸಂಬಂಧ ದೊಡ್ಡದೋ, ತತ್ವ ದೊಡ್ಡದೋ? ಒಂದು ತುಂಡು ತಿಂದರೆ ಯಾವ ಕರು ಬಂದು ಕೇಳುತ್ತದೆ? ಇಷ್ಟು ವಾದಗಳನ್ನು ಸಿದ್ಧಮಾಡಿಕೊಂಡು, ಪತ್ರಿಕೆ ಮಡಚಿ, ಬಲವಂತಕ್ಕೆ ಕಾದು ಕುಳಿತೆ.

ಪಿಳ್ಳಮ್ಮನವರು ತಟ್ಟೆಯನ್ನು ನನ್ನ ಮೂಗಿನ ಮುಂದಿನಿಂದಲೇ ದಾಟಿಸಿ ಶಾಂತಾಳ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನನಗಾಗಿ ಏನೋ ಮಾಡಿ ಬಂದವರ ಸಂಭ್ರಮವಿತ್ತು.

"ನಿಂಗೆ ತಂದಿಲ್ಲ ಕಣಪ್ಪಾ. ನಿನ್ ಪಾಲು ಕರೀಲೇ ಇಲ್ಲ, ಕರೂಗೇ ಬಿಟ್ಬಿಟ್ಟೆ. ಬಾ, ಹೆಂಗ್ ಕುಣೀತೈತೆ ನೋಡ್ಬಾ."

ಕೈ ಹಿಡಿದು ಕರೆದುಕೊಂಡು ಹೋದರು. ಕೊಟ್ಟಿಗೆಯಲ್ಲಿ ಕಂದು ಬಣ್ಣದ ಕರು ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಎಸೆಯುತ್ತಾ ಜಿಗಿಯುತ್ತಿತ್ತು. ಮೂತಿಯ ತುಂಬ ನೊರೆ. ಅದು ನನ್ನತ್ತ ಒಮ್ಮೆ ನೋಡಿ, ನಾಲಿಗೆ ಚಾಚಿ ನೊರೆಯನ್ನು ನೆಕ್ಕಿಕೊಂಡಿತು. ಮಹಡಿಯಿಂದ ಶಾಂತಾಳ ಚಮಚದ ಸದ್ದು ಕೇಳಿಸುತ್ತಿತ್ತು.

"ಹೆಂಗೈತೆ?" ಎಂದರು ಪಿಳ್ಳಮ್ಮನವರು.

"ಚೆನ್ನಾಗಿದೆ ಅಮ್ಮಾ" ಎಂದೆ, ಬಾಯಲ್ಲಿ ಊರಿದ್ದನ್ನು ಅವರು ಕಲಿಸಿದ ಹಾಗೆ, ಅಗಿಯದೆ ನುಂಗಿ.