ಕಾಕಾರ ಕನ್ಸೀಲ್ಡ್ ಕ್ಯಾರಿ

ಮೊನ್ನೆ ಕೆನಡಾದ ಸ್ಟ್ರೀಟ್ಸ್‌ವಿಲ್ಲಿನ ದಿನಸಿ ಅಂಗಡಿಯ ಮುಂದೆ ಸಾಮಾನಿನ ತಳ್ಳುಗಾಡಿಯನ್ನು ಸರಪಳಿಯಿಂದ ಬಿಡಿಸಿಕೊಳ್ಳಲು ಒಂದು ಡಾಲರಿನ ನಾಣ್ಯ ಬೇಕಾಗಿ ಕೋಟಿನ ಜೇಬಿಗೆ ಕೈ ಹಾಕಿದೆ. ನಾಣ್ಯವೇನೋ ಸಿಕ್ಕಿತು, ಆದರೆ ಬೆರಳುಗಳೆಲ್ಲ ಬೆಳ್ಳಗಾಗಿ ಹೊರಬಂದವು. ಮೂಸಿ ನೋಡಿದೆ, ವಿಭೂತಿ. ಹಿಂದಿನ ವಾರ ಗುರುಪಾದಪ್ಪ ಕಾಕಾರ ಮಣ್ಣಿಗೆ ಹೋಗಿದ್ದಾಗ ಅವರ ಮಗಳು ರೂಪಾ "ಆಂಟಿ, ಇದನ್ನ ಸ್ವಲ್ಪ ಹೋಲ್ಡ್ ಮಾಡಿ" ಎಂದು ಕೊಟ್ಟಿದ್ದ ವಿಭೂತಿ ಗಟ್ಟಿ. ಜೇಬಿನಲ್ಲೇ ಉಳಿದು, ಬೀಗದ ಕೈಗಳ ಸಹವಾಸದಲ್ಲಿ ಪುಡಿಯಾಗಿತ್ತು.

ನಾನು ಮೈಸೂರಿನ ಅಯ್ಯಂಗಾರರ ಮನೆ ಹೆಣ್ಣುಮಗಳು. ನಮ್ಮಜ್ಜಿ ಹಣೆಯ ಮೇಲಿನ ಗೆರೆ ಅಡ್ಡವೋ ಉದ್ದವೋ ಎಂಬುದನ್ನು ನೋಡಿ, ಆಮೇಲೆ ಮುಖ ನೋಡುತ್ತಿದ್ದವರು. ಅವರ ಮೊಮ್ಮಗಳ ಜೇಬಿನಲ್ಲಿ ವಿಭೂತಿ! ಅಜ್ಜಿ ಇದ್ದಿದ್ದರೆ ನನಗೂ ಕೋಟಿಗೂ ಸೇರಿಸಿಯೇ ಸ್ನಾನ ಮಾಡಿಸುತ್ತಿದ್ದರು.

ಕಾಕಾರ ಪರಿಚಯವಾದದ್ದು ಎರಡು ಸಾವಿರದ ಆಚೀಚಿನ ವರ್ಷಗಳಲ್ಲಿ. ಮಿಸ್ಸಿಸಾಗಾದ ಒಂದು ಟ್ರಕ್ ಕಂಪನಿಯ ಆಫೀಸಿನಲ್ಲಿ ನಾನು ಡ್ರೈವರುಗಳ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಇಂಗ್ಲಿಷ್ ಎಂ.ಎ. ಮಾಡಿದವಳಿಗೆ ಈ ದೇಶ ಕೊಟ್ಟ ಸಾಹಿತ್ಯ ಅದು. ಮಾಲೀಕರು ಸರ್ದಾರ್ಜಿ. ಡ್ರೈವರುಗಳಲ್ಲಿ ಕನ್ನಡದವರೆಂದರೆ ಬೈಲಹೊಂಗಲ ಕಡೆಯ ಈ ಗುರುಪಾದಪ್ಪ ಒಬ್ಬರೇ. ಮೊದಲ ದಿನ "ಅಂಕಲ್" ಎಂದು ಕರೆದೆ.

"ಅಂಕಲ್ ಅನಬ್ಯಾಡ ತಂಗಿ. ಈ ದೇಶದಾಗ ಪೆಟ್ರೋಲ್ ಹಾಕಾಂವನೂ ಅಂಕಲ್ಲ ಆಗ್ಯಾನ. ಕಾಕಾ ಅನ್ನು," ಎಂದರು. ಅಂದಿನಿಂದ ಕಾಕಾ.

ಈಗ ಪಿಸ್ತೂಲಿನ ವಿಷಯಕ್ಕೆ ಬರಬೇಕು. ಹೆದರಬೇಡಿ, ಈ ಕಥೆಯಲ್ಲಿ ಗುಂಡು ಹಾರುವುದಿಲ್ಲ. ನಮ್ಮ ಕಂಪನಿಗೆ ಕೆಲವರು ಅಮೆರಿಕದ ಡ್ರೈವರುಗಳೂ ಬರುತ್ತಿದ್ದರು. ಅಲ್ಲಿ ಜನ ಅಂಗಿಯ ಒಳಗೆ ಪಿಸ್ತೂಲು ಮುಚ್ಚಿಟ್ಟುಕೊಂಡು ಓಡಾಡಬಹುದು, ಅದಕ್ಕೊಂದು ಸರ್ಕಾರಿ ಅಪ್ಪಣೆ ಇದ್ದರೆ ಸಾಕು. ಹಾಗೆ ಒಯ್ಯುವುದಕ್ಕೆ ಕನ್ಸೀಲ್ಡ್ ಕ್ಯಾರಿ ಎನ್ನುತ್ತಾರೆ. ಕೆನಡಾದೊಳಗೆ ಮಾತ್ರ ಅದನ್ನು ತರುವ ಹಾಗಿಲ್ಲ. ಆದ್ದರಿಂದ ಹೊಸ ಡ್ರೈವರು ಬಂದಾಗಲೆಲ್ಲ ಅಪ್ಪಣೆ ಇದೆಯೇ ಎಂದು ಕೇಳಿ, ಇದ್ದರೆ "ಪಿಸ್ತೂಲು ಮನೆಯಲ್ಲೇ ಬಿಟ್ಟು ಬಾ ಮಹರಾಯ" ಎಂದು ಹೇಳುವುದು ನನ್ನ ಕೆಲಸ. ಮಿಷಿಗನ್ನಿನ ಡೇಲ್ ಎಂಬುವನನ್ನು "ಸಿ.ಸಿ.ಡಬ್ಲ್ಯು. ಪರ್ಮಿಟ್ ಇದೆಯೇ?" ಎಂದು ಕೇಳಿದೆ. ಇಲ್ಲ ಎಂದ. ಮುಂದಿನ ವಾರ ಅವನ ಸೀಟಿನ ಕೆಳಗೆ ಪಿಸ್ತೂಲು ಸಿಕ್ಕಿ, ಲೋಡು ಗಡಿಯಲ್ಲೇ ಕೂತಿತು. ಕೇಳಿದರೆ ಅವನಿಗೆ ನಿಜಕ್ಕೂ ಆಶ್ಚರ್ಯ. "ನೀನು ಸಿ.ಸಿ.ಡಬ್ಲ್ಯು. ಕೇಳಿದೆ. ನನ್ನದು ಸಿ.ಪಿ.ಎಲ್." ಎಂದ. ಎರಡೂ ಅದೇ ಅಪ್ಪಣೆ, ಹೆಸರಷ್ಟೇ ಬೇರೆ.

ಸರ್ದಾರ್ಜಿ ಹಣೆ ಚಚ್ಚಿಕೊಂಡು, "ಬೇಟಾ, ಯಾವ ಸ್ಟೇಟಿನಲ್ಲಿ ಅದಕ್ಕೆ ಏನು ಹೆಸರು ಅಂತ ಬರೆದು ಗೋಡೆಗೆ ಅಂಟಿಸು" ಎಂದರು. ಬರೆಯಲು ಕೂತೆ. ಒಂದು ರಾಜ್ಯದಲ್ಲಿ ಅದು ಲೈಸೆನ್ಸು, ಪಕ್ಕದಲ್ಲಿ ಪರ್ಮಿಟ್ಟು. ಟೆಕ್ಸಾಸಿನಲ್ಲಿ ಹ್ಯಾಂಡ್‌ಗನ್, ಫ್ಲಾರಿಡಾದಲ್ಲಿ ವೆಪನ್, ಮಿಷಿಗನ್ನಿನಲ್ಲಿ ಪಿಸ್ಟಲ್, ಪೆನ್ಸಿಲ್ವೇನಿಯಾದಲ್ಲಿ ಫೈರ್‌ಆರ್ಮ್ಸ್. ವರ್ಮಾಂಟಿನಲ್ಲಿ ಅಂಥದೊಂದು ಕಾಗದವೇ ಇಲ್ಲ, ಅಲ್ಲಿಯವರು ಅದಿಲ್ಲದೆಯೇ ಒಯ್ಯುತ್ತಾರೆ. ಇದಕ್ಕಿಂತ ತಮಾಷೆಯದು ಕೊನೆಯ ಕಾಲಮ್ಮು, ಓಪನ್ ಕ್ಯಾರಿ. ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಎಷ್ಟೋ ರಾಜ್ಯಗಳಲ್ಲಿ ಅಪ್ಪಣೆಯೇ ಬೇಡ, ಮಿಷಿಗನ್ನಿನಲ್ಲೂ ಬೇಡ. ಚಳಿಯೆಂದು ಮೇಲೊಂದು ಕೋಟು ಹಾಕಿದಿರೋ, ಅಲ್ಲಿಗೆ ಅಪ್ಪಣೆ ಬೇಕು! ತಪ್ಪು ಪಿಸ್ತೂಲಿನದೋ ಕೋಟಿನದೋ ಎಂದು ಆ ಮಧ್ಯಾಹ್ನವೆಲ್ಲ ಯೋಚಿಸಿದೆ.

ಕಾಕಾ ಚಹಾ ಹಿಡಿದು ಬಂದು ನನ್ನ ಪಟ್ಟಿಯನ್ನು ಓದಿದರು.

"ಇದರಾಗ ನಗೂದೇನೈತಿ? ನೀವು ಈರುಳ್ಳಿ ಅಂತೀರಿ, ನಾವು ಉಳ್ಳಾಗಡ್ಡಿ ಅಂತೀವಿ. ಹೆಚ್ಚಾಕ ಕುಂತ್ರ ಇಬ್ಬರ ಕಣ್ಣಾಗೂ ನೀರ ಬರ್ತಾವ."

ಮಾತು ನಿಜ. ನಮ್ಮ ಮನೆಯ ಸಾತ್ತಮದು ಗೋಡೆ ದಾಟಿ ಪಕ್ಕದ ಮನೆಗೆ ಹೋದರೆ ಸಾರಾಗುತ್ತಿತ್ತು. ನಾನು ಅದನ್ನು ಹೇಳಿದೆ. ಅವರು ನಕ್ಕು, ಅಂಗಿಯ ಮೇಲಿನಿಂದಲೇ ಎದೆ ಮುಟ್ಟಿಕೊಂಡರು. ಒಳಗೆ ಮೊಟ್ಟೆಯಾಕಾರದ ಉಬ್ಬೊಂದಿತ್ತು.

"ನಾನೂ ಒಂದು ಮುಚ್ಚಿಟ್ಕೊಂಡ ಅಡ್ಡಾಡ್ತೀನಿ. ಬೆಳ್ಳಿದು. ಇದಕ್ಕೂ ಊರಿಗೊಂದ ಹೆಸರ ನೋಡು. ಕರಡಿಗಿ ಅಂತಾರ, ಸಜ್ಜಿ ಅಂತಾರ, ನಮ್ಮ ಕಡೆ ಗುಂಡಗಡಗಿ. ಒಳಗಿರಾಂವ ಒಬ್ಬನ."

ಒಳಗಿದ್ದದ್ದು ಅವರ ಇಷ್ಟಲಿಂಗ. ಹುಟ್ಟಿದ ಕೆಲವೇ ದಿನಕ್ಕೆ ಕಟ್ಟಿದ್ದಂತೆ. ಅಂದಿನಿಂದ ಮೈ ಬಿಟ್ಟು ಇಳಿದಿಲ್ಲ, ಇನ್ನೊಬ್ಬರ ಕೈಗೆ ಹೋಗಿಲ್ಲ. ಬೆಳಿಗ್ಗೆ ಎಷ್ಟೋ ಸಲ ನಾನು ಡ್ರೈವರುಗಳ ಕೋಣೆಯ ಬಾಗಿಲಲ್ಲಿ ಅವರ ಪೂಜೆ ನೋಡಿದ್ದೆ. ಮೇಜಿನ ಮೇಲೆ ತೆರೆದ ಬೆಳ್ಳಿ ಗುಂಡಗಡಿಗೆ, ಎಡ ಅಂಗೈಯಲ್ಲಿ ಕಪ್ಪು ಲಿಂಗ, ಅದರ ಮೇಲೇ ನೆಟ್ಟ ಕಣ್ಣು. ಹಿಂದೆ ಮೈಕ್ರೋವೇವ್ ಕಿರುಚುತ್ತಿದ್ದರೂ ಅವರಿಗೆ ಕೇಳುತ್ತಿರಲಿಲ್ಲ.

ಆ ಚಳಿಗಾಲದ ಒಂದು ಬೆಳಿಗ್ಗೆ ಗಡಿಯಿಂದ ಫೋನು ಬಂತು. ಅಮೆರಿಕದ ಕಡೆಯ ಒಬ್ಬ ಮಹಿಳಾ ಅಧಿಕಾರಿ, ದನಿ ಗಟ್ಟಿಯಾಗಿತ್ತು. ನಿಮ್ಮ ಡ್ರೈವರು ಅಂಗಿಯೊಳಗೆ ಲೋಹದ ವಸ್ತು ಇಟ್ಟುಕೊಂಡಿದ್ದಾನೆ, ಏನದು ಎಂದು ಕೇಳಿದರೆ "ಕನ್ಸೀಲ್ಡ್ ಕ್ಯಾರಿ" ಎನ್ನುತ್ತಾನೆ, ಪರ್ಮಿಟ್ ಎಲ್ಲಿ ಎಂದರೆ "ಗುರು ಕೊಟ್ಟಿದ್ದಾರೆ" ಎನ್ನುತ್ತಾನೆ, ಯಾರು ಈ ಗುರು, ಯಾವ ಸ್ಟೇಟು ಎಂದಳು.

ಕಾಕಾ ನನ್ನ ಪಟ್ಟಿಯನ್ನೇ ಓದಿ, ಕನ್ಸೀಲ್ಡ್ ಕ್ಯಾರಿ ಎಂದರೆ ಮುಚ್ಚಿಟ್ಟುಕೊಂಡು ಒಯ್ಯುವ ಯಾವುದಕ್ಕಾದರೂ ಹೇಳುವ ಮರ್ಯಾದೆಯ ಇಂಗ್ಲಿಷ್ ಎಂದುಕೊಂಡಿದ್ದರು! ಅದು ಆಯುಧವಲ್ಲ, ದೇವರು ಎಂದೆ. "ಹಾಗಾದರೆ ತೆಗೆದು ಟ್ರೇನಲ್ಲಿ ಇಡಲಿ, ಅದಕ್ಕೂ ಒಪ್ಪುತ್ತಿಲ್ಲ," ಎಂದಳು. ಲಾಕೆಟ್ ಎಂದೆ, ತಾಯಿತ ಎಂದೆ, ಪೂಜೆಯ ವಸ್ತು ಎಂದೆ. ಎಂ.ಎ.ಯಲ್ಲಿ ಕಲಿತ ಇಂಗ್ಲಿಷೆಲ್ಲ ಖರ್ಚಾಯಿತು. ಒಂದು ಪದವೂ ಆ ಉಬ್ಬಿನ ಹತ್ತಿರ ಸುಳಿಯಲಿಲ್ಲ. ಕೊನೆಗೆ ಅವಳು ಫೋನನ್ನು ಕಾಕಾರಿಗೇ ಕೊಟ್ಟಳು.

"ತಂಗಿ, ನೀನೂ ತಗೀ ಅನಬ್ಯಾಡ," ಎಂದರು. "ತಟ್ಟ್ಯಾಗ ಇಟ್ಟು ಆ ಮಷೀನಿನಾಗ ಬಿಡಂತಾರ. ನನ್ನ ಕೈಲೆ ಆಗೂದಿಲ್ಲ. ಗಾಡಿ ಹೊಳ್ಳಸ್ಕೊಂಡ ಬರ್ತೀನಿ, ನೌಕರಿ ಹೋದ್ರ ಹೋಗ್ಲಿ."

ನೌಕರಿ ಹೋಗುವುದು ಬಾಯಿಮಾತಲ್ಲ. ಒಂದು ಸಲ ಗಡಿಯಿಂದ ಹಿಂದಕ್ಕೆ ಕಳಿಸಿದರೆ ಮತ್ತೆ ಆ ಕಡೆ ಬಿಡುವುದು ಅನುಮಾನ. ಆ ಕಡೆ ಹೋಗದ ಡ್ರೈವರಿಗೆ ನಮ್ಮಲ್ಲಿ ಕೆಲಸವಿರಲಿಲ್ಲ, ರೂಪಾ ಆಗಿನ್ನೂ ಹೈಸ್ಕೂಲಿನಲ್ಲಿದ್ದಳು. ಅಳು ಬಂತು. ಅಳುವಿನ ಜೊತೆಗೇ, ಏಕೋ ಏನೋ, ಆ ಮೈಕ್ರೋವೇವ್ ಪಕ್ಕದ ಮೇಜು ಕಣ್ಣ ಮುಂದೆ ಬಂತು.

"ಕಾಕಾ, ಒಂದ್ನಿಮಿಷ ಇರಿ. ನೀವು ಪೂಜೆ ಮಾಡೋವಾಗ ಅಂಗೈ ಮೇಲೆ ಇಟ್ಕೋತೀರಲ್ಲ? ಹಾಗೇ ಇಟ್ಕೊಳ್ಳಿ. ಬರೀ ಬೆಳ್ಳಿ ಡಬ್ಬಿ ಟ್ರೇಗೆ ಹಾಕಿ."

"ಅಂಗೈಯಾಗಂದ್ರ ಆಗ್ತೈತಿ," ಎಂದರು ಮೆಲ್ಲಗೆ.

ಅಧಿಕಾರಿಗೆ ಹೇಳಿದೆ: ಅವರು ಅದನ್ನು ಕೊಡುವುದಿಲ್ಲ, ಆದರೆ ತೋರಿಸುತ್ತಾರೆ, ದಯವಿಟ್ಟು ಮುಟ್ಟಬೇಡಿ. ಫೋನು ಮೇಜಿನ ಮೇಲೆ ಕೂತ ಸದ್ದು. ಬೂಟುಗಳ ಸದ್ದು. ಯಾರೋ ಕೆಮ್ಮಿದರು. ನಾನು ಜನ್ಮದಲ್ಲಿ ಮೊದಲ ಸಲ ಶಿವನಿಗೆ ಹರಕೆ ಹೊತ್ತೆ, ಅಜ್ಜಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡು.

ಅವಳು ಮತ್ತೆ ಫೋನಿಗೆ ಬಂದಾಗ ದನಿ ಬೇರೆಯಾಗಿತ್ತು. "ಒಂದು ಪುಟ್ಟ ಕಪ್ಪು ಕಲ್ಲು. ಅದನ್ನು ಹೇಗೆ ಹಿಡಿದುಕೊಂಡಿದ್ದಾರೆ ಗೊತ್ತಾ, ಈಗ ಹುಟ್ಟಿದ ಮಗುವನ್ನು ಹಿಡಿದ ಹಾಗೆ," ಎಂದಳು. ಆಮೇಲೆ ನಗುತ್ತಾ, "ಕೈಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇದೆಯಲ್ಲ ಮೇಡಮ್, ಇದು ಓಪನ್ ಕ್ಯಾರಿ. ನಮ್ಮ ಮಿಷಿಗನ್ನಿನಲ್ಲಿ ಇದಕ್ಕೆ ಪರ್ಮಿಟ್ ಬೇಡ," ಎಂದಳು. ಅವಳ ಹೆಸರು ಕೇಳುವುದನ್ನು ಮರೆತೆ. ಹರಕೆಯ ಅರ್ಧ ಅವಳಿಗೆ ಸಲ್ಲಬೇಕು.

ಕಾಕಾ ವಾಪಸು ಬಂದವರೇ ಗೋಡೆಯ ಪಟ್ಟಿಯ ಕೆಳಗೆ ಬೆರಳಿಟ್ಟು, "ಗುಂಡಗಡಗಿದೂ ಒಂದ ಸಾಲ ಬರಿ ತಂಗಿ," ಎಂದರು. ಪೆನ್ಸಿಲ್ಲಿನಲ್ಲಿ ಬರೆದೆ. ಸರ್ದಾರ್ಜಿ ಅದೂ ಯಾವುದೋ ಸ್ಟೇಟು ಎಂದುಕೊಂಡಿರಬೇಕು, ಕೇಳಲಿಲ್ಲ.

ಹಿಂದಿನ ವಾರ ಕಾಕಾರ ಮಣ್ಣಿನ ದಿನ ಶವಸಂಸ್ಕಾರದ ಕಂಪನಿಯ ಹುಡುಗ, ಪಾಪ, ತುಂಬ ಮರ್ಯಾದೆಯಿಂದ, ಮೈಮೇಲಿನ ಲೋಹದ ವಸ್ತುಗಳನ್ನೆಲ್ಲ ತೆಗೆದು ಮನೆಯವರಿಗೆ ಕೊಡುವುದು ಪದ್ಧತಿ ಎಂದ. ರೂಪಾ ನನ್ನ ಕಡೆ ತಿರುಗಿದಳು. ಅವಳ ಕಣ್ಣುಗಳು ಅತ್ತು ಕೆಂಪಾಗಿದ್ದವು. "ಆಂಟಿ, ಇದೇನು ಅಂತ ಕೇಳ್ತಿದಾರೆ. ವಾಟ್ ಡು ಐ ಕಾಲ್ ಇಟ್?"

"ಹೆಸರು ಆಮೇಲೆ ಹೇಳ್ತೀನಮ್ಮ," ಎಂದೆ. "ಬೆಳ್ಳಿದು ನೀನಿಟ್ಕೋ. ಒಳಗಿರೋದನ್ನ ಮಾತ್ರ ನೀನೇ ತೆಗೆದು ಅಪ್ಪನ ಎಡಗೈಲಿಡು. ಅಂಗೈ ತೆರೆದೇ ಇರಲಿ."

ಅವರ ಪದ್ಧತಿಯೂ ಅದೇ ಎಂದು ಬೈಲಹೊಂಗಲದಿಂದ ಫೋನಿನಲ್ಲಿದ್ದ ಹಿರಿಯರೊಬ್ಬರು ಹೇಳಿದಾಗ ನನಗೆ ದೊಡ್ಡ ಸಮಾಧಾನವಾಯಿತು. ಕೂರಿಸಿ ಮಣ್ಣು ಮಾಡಬೇಕಿತ್ತಂತೆ, ಇಲ್ಲಿ ಮಲಗಿಸಿಯೇ ಕಳಿಸಿದೆವು. ಅಂಗೈಯಲ್ಲಿ ಲಿಂಗವಿತ್ತು. ಆ ಕೊನೆಯ ಗಡಿಯಲ್ಲೂ ಯಾರೂ ಅವರ ಕೈಯಿಂದ ತೆಗೆಸಲಿಲ್ಲ.

ಅಂಗಡಿಯ ಮುಂದೆ ನಾನು ಇನ್ನೂ ಬೆಳ್ಳಗಿನ ಬೆರಳು ಹಿಡಿದು ನಿಂತಿದ್ದೆ. ಹಿಂದಿನವರು ಗಾಡಿಗಾಗಿ ಕಾಯುತ್ತಿದ್ದರು. ಕೋಟಿಗೆ ಒರೆಸಿಕೊಳ್ಳಲು ಹೋದವಳು ತಡೆದೆ. ಇಷ್ಟು ದಿನ ಜೇಬಿನೊಳಗೆ ಮುಚ್ಚಿಟ್ಟುಕೊಂಡು ತಿರುಗಿದ್ದು ಸಾಕು ಅನ್ನಿಸಿತು. ಮೂರು ಬೆರಳನ್ನು ಹಣೆಯ ಮೇಲೆ ಅಡ್ಡಕ್ಕೆ ಎಳೆದುಕೊಂಡು, ಅಜ್ಜಿಗೆ ಇನ್ನೊಂದು ಸಲ ಕ್ಷಮೆ ಕೇಳಿ, ಎಲ್ಲರಿಗೂ ಕಾಣುವ ಹಾಗೆ ಈರುಳ್ಳಿ ಕೊಳ್ಳಲು ಒಳಗೆ ಹೋದೆ.