ಗಾಲಿ ಅಕ್ಕ ಎಕ್ಸ್‌ರೇ ಕಲಿತದ್ದು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಗಾಲಿ ಅಕ್ಕ ಎಂದೇ. ಹನ್ನೊಂದು ವರ್ಷ ಗಾಲಿಕುರ್ಚಿ ತಳ್ಳಿ ರೋಗಿಗಳನ್ನು ಎಕ್ಸ್‌ರೇ ಕೋಣೆಯ ಬಾಗಿಲ ತನಕ ತಂದು ಬಿಟ್ಟವಳು. ಕೆಂಪು ದೀಪ ಹೊತ್ತಿಕೊಂಡಾಗ ಹೊರಗೆ ನಿಂತು, ಒಳಗೆ ಏನು ನಡೆಯುತ್ತಿದೆಯೋ ಎಂದುಕೊಳ್ಳುತ್ತಿದ್ದಳು. ಮೂವತ್ತಾರಕ್ಕೆ ಧೈರ್ಯ ಮಾಡಿ, ಆಸ್ಪತ್ರೆಯವರೇ ನಡೆಸುವ ಎರಡು ವರ್ಷದ ತರಬೇತಿಗೆ ಅರ್ಜಿ ಹಾಕಿದಳು. ಸೀಟು ಸಿಕ್ಕಿಯೇಬಿಟ್ಟಿತು.

“ಈ ವಯಸ್ಸಲ್ಲಾ?” ಎಂದು ಗಂಡ ರಾಗ ಎಳೆದ.

“ಓದ್ಲಿ ಬಿಡೋ. ನೀನಂತೂ ಓದ್ಲಿಲ್ಲ,” ಎಂದು ಅತ್ತೆ ಮಗನ ಬಾಯಿ ಮುಚ್ಚಿಸಿದರು.

ಅಂದಿನಿಂದ ಅತ್ತೆಯ ಮೈಯೇ ಸೊಸೆಗೆ ಪಠ್ಯಪುಸ್ತಕ. ಅವರ ಮಣಿಕಟ್ಟು ಹಿಡಿದು ಎಂಟು ಪುಟ್ಟ ಮೂಳೆಗಳ ಹೆಸರು ಒಪ್ಪಿಸುವಳು. “ನಿಧಾನಕ್ಕೆ ಒತ್ತೇ ಮಾರಾಯ್ತಿ, ನೀನು ಪಾಸಾದ ಮೇಲೂ ನಂಗೆ ಈ ಕೈ ಬೇಕು!” ಎಂದು ಅತ್ತೆ ಗೊಣಗುವರು, ಮರುದಿನ ತಾವೇ ಕೈ ಚಾಚುವರು.

ಕಷ್ಟವಿದ್ದದ್ದು ಎಕ್ಸ್‌ರೇ ಕೋಣೆಯಲ್ಲಿ. ಅಲ್ಲಿ ಕಲಿಸುವ ಹಿರಿಯ ಟೆಕ್ನಿಷಿಯನ್‌ಗೆ ಇಪ್ಪತ್ತಾರು ವರ್ಷದ ಅನುಭವ. ವಿದ್ಯಾರ್ಥಿಗಳು ಇಟ್ಟ ಹೆಸರು ಗುಡುಗು ಮೇಡಂ. ಯಾರಾದರೂ ಸಂದೇಹ ಕೇಳಿದರೆ ರೋಗಿಗಳೆದುರೇ, “ಇಷ್ಟೂ ಗೊತ್ತಿಲ್ವಾ?” ಎನ್ನುವರು. ಎರಡೇ ವಾರದಲ್ಲಿ ಎಲ್ಲರ ಬಾಯಿಗೂ ಬೀಗ ಬಿದ್ದಿತು.

ಗಾಲಿ ಅಕ್ಕನಿಗೂ ಒಂದು ಸಂದೇಹವಿತ್ತು, ಕೇಳಲು ನಾಚಿಕೆಯಾಗುವಷ್ಟು ಸಣ್ಣದು. ರೋಗಿ ಎದುರಿಗೆ ಕೂತರೆ ಅವಳಿಗೆ ಎಡ ಬಲ ಅದಲುಬದಲಾಗುತ್ತಿತ್ತು. ಚಿತ್ರದಲ್ಲಿ ಯಾವ ಕೈ ಎಂದು ತಿಳಿಯಲು ಪಕ್ಕದಲ್ಲಿ ಎಡ ಅಥವಾ ಬಲ ಎಂದು ತೋರಿಸುವ ಸೀಸದ ಅಕ್ಷರವಿಡಬೇಕು. ಪ್ರತಿ ಸಲವೂ ಮನಸ್ಸಿನಲ್ಲೇ ತನ್ನನ್ನು ತಿರುಗಿಸಿ ನಿಲ್ಲಿಸಿ ಲೆಕ್ಕ ಹಾಕುವಳು. ಹಾಗೇ ಒಂದೂವರೆ ವರ್ಷ ಕಳೆಯಿತು.

ಕೊನೆಯ ಪರೀಕ್ಷೆಗೆ ಆರು ತಿಂಗಳಿದ್ದಾಗ, ಮೆಟ್ಟಿಲಿನಿಂದ ಬಿದ್ದ ಮರಗೆಲಸದವನೊಬ್ಬ ಬಂದ. ಎರಡೂ ಮಣಿಕಟ್ಟು ಊದಿದ್ದವು. ಎಡಗೈ ಬೆರಳಿನ ಉಂಗುರ ಊತಕ್ಕೆ ಸಿಕ್ಕಿ ಕಳಚಲಾಗಲಿಲ್ಲ. ಅಂದು ರೋಗಿಗಳ ಸಾಲು ಹೊರಬಾಗಿಲು ದಾಟಿತ್ತು. ಎರಡೂ ಕೈಗಳ ಚಿತ್ರ ತೆಗೆದಳು, ಮೇಡಂ ಮೇಲ್ಮೇಲೆ ಕಣ್ಣಾಡಿಸಿ ಸರಿ ಎಂದರು, ರೋಗಿಯನ್ನು ಪ್ಲಾಸ್ಟರ್ ಕೋಣೆಗೆ ಕಳಿಸಿದರು. ಇನ್ನೊಬ್ಬರನ್ನು ಕರೆಯುವ ಮುನ್ನ ಅವಳು ಕಂಪ್ಯೂಟರ್ ಪರದೆಯತ್ತ ತಿರುಗಿದಳು. ಮುರಿದ ಮೂಳೆಯಿದ್ದ ಚಿತ್ರಕ್ಕೆ ‘ಎಡ’ ಎಂಬ ಗುರುತು. ಎಡಗೈಯ ಉಂಗುರ ಮಾತ್ರ ‘ಬಲ’ ಎಂದಿದ್ದ ಇನ್ನೊಂದು ಚಿತ್ರದಲ್ಲಿತ್ತು.

ಓಡಿದಳು. ಮೇಲಿನ ಮಹಡಿಯ ಪ್ಲಾಸ್ಟರ್ ಕೋಣೆಯಲ್ಲಿ ಒದ್ದೆ ಪಟ್ಟಿ ಆಗಲೇ ಎಡಗೈಯನ್ನು ಒಂದು ಸುತ್ತು ಬಳಸಿತ್ತು. “ನಿಲ್ಸಿ! ತಪ್ಪು ನಂದು, ಮುರಿದಿರೋದು ಬಲಗೈ!” ಎಂದಳು. ಮರಗೆಲಸದವನು, “ಎರಡೂ ಒಂದೇ ಥರ ನೋಯ್ತಿತ್ತು ತಾಯಿ, ನಂಗೂ ಗೊತ್ತಾಗ್ಲಿಲ್ಲ,” ಎಂದ. ಅದು ಅವಳನ್ನು ಇನ್ನಷ್ಟು ಕುಗ್ಗಿಸಿತು.

ಕೆಳಗಿಳಿದು ಬಂದು ಮೇಡಂ ಎದುರು ನಿಂತು ನಡೆದದ್ದನ್ನೂ ತನ್ನ ಎಡ ಬಲದ ಗೊಂದಲವನ್ನೂ ಹೇಳಿದಳು. ಮೇಡಂ ಗುಡುಗಲಿಲ್ಲ. “ಒಂದೂವರೆ ವರ್ಷದಿಂದ ಈ ಗೊಂದಲ ಇತ್ತಾ? ಯಾಕೆ ಕೇಳ್ಲಿಲ್ಲ?”

ಅವಳು ಇದ್ದದ್ದನ್ನೇ ಹೇಳಿಬಿಟ್ಟಳು. “ಕೇಳಿದ್ರೆ ಬೈತೀರಾ ಅಂತ, ಮೇಡಂ.”

ಮೇಡಂ ಸೀಸದ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದರು. ಪರದೆಯ ಮೇಲಿನ ಚಿತ್ರವನ್ನು ಮತ್ತೆ ನೋಡಿದರು. “ಆ ಉಂಗುರ ನನ್ನ ಕಣ್ಣೆದುರೇ ಹೋಯ್ತು. ನಾನೂ ನೋಡ್ಲಿಲ್ಲ,” ಎಂದರು. ತಪ್ಪಿನ ವರದಿಯಲ್ಲಿ ಅವಳ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ಆಮೇಲೆ ಎದುರಿಗೆ ಸ್ಟೂಲಿನಲ್ಲಿ ಕೂತು ಕೈ ಚಾಚಿದರು. “ಯಾವ ಕೈ ಅಂತ ಮೊದಲು ರೋಗಿ ಬಾಯಲ್ಲೇ ಹೇಳ್ಸು. ಆ ಕೈ ಮುಟ್ಟಿ ನೀನೂ ಹೇಳು. ಆಮೇಲೆ ಅಕ್ಷರ ಇಡು. ಹೂಂ, ಮಾಡು.”

ಮರುದಿನ ಬೆಳಿಗ್ಗೆ ಯಂತ್ರ ಶುರು ಮಾಡುವ ಮುನ್ನ ಮೇಡಂ ವಿದ್ಯಾರ್ಥಿಗಳನ್ನೆಲ್ಲ ಕೂರಿಸಿದರು. “ನಿನ್ನೆ ಗೊತ್ತಾಗದೇ ಇದ್ದದ್ದು ಹೇಳಿ. ಮೊದಲು ನಾನೇ ಹೇಳ್ತೀನಿ,” ಎಂದು ತಮ್ಮ ಕಣ್ತಪ್ಪಿನ ಕಥೆ ಹೇಳಿದರು. ಅದು ದಿನವೂ ಹತ್ತು ನಿಮಿಷದ ರೂಢಿಯಾಯಿತು. ಮೊದಲ ವಾರ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಎರಡನೆಯ ವಾರ ಗಾಲಿ ಅಕ್ಕ ಬಾಯಿ ತೆರೆದಳು. ತಿಂಗಳಾಗುವಷ್ಟರಲ್ಲಿ ಆ ಹತ್ತು ನಿಮಿಷ ಸಾಲದೆ ಬಂತು.

ಹುಟ್ಟುಗುಣ ಒಮ್ಮೆಗೇ ಹೋಗುವುದಿಲ್ಲ. ಮೇಡಂ ಆಗಾಗ ರೇಗುತ್ತಿದ್ದರು. ಆದರೆ ರೋಗಿ ಹೊರಹೋದ ಮೇಲೆ, ಬಾಗಿಲು ಹಾಕಿ.

ಗಾಲಿ ಅಕ್ಕ ಪಾಸಾದಳು, ಅಲ್ಲೇ ಕೆಲಸವೂ ಸಿಕ್ಕಿತು. ಒಬ್ಬಳೇ ಯಂತ್ರದ ಮುಂದೆ ನಿಂತ ಮೊದಲ ದಿನ ಮೇಡಂ ಪಕ್ಕದ ಕೋಣೆಗೆ ಹೋಗಿ ಕೂತರು. “ಕರೆದ್ರೆ ಬರ್ತೀನಿ. ಸುಮ್ಮನೆ ಇಣುಕಲ್ಲ.”

ಅವಳು ಮೂರು ಸಲ ಕರೆದಳು. ಮೂರು ಸಲವೂ ಅವರು ಎದ್ದು ಬಂದರು.