ದುಂಡವ್ವ ಆಮೆಗೆ ಹಾಸಿದ ಮಣ್ಣು

ದುಂಡವ್ವ ಸತ್ಯಪ್ಪ ಬನ್ನೆ, ವಯಸ್ಸು ಅರವತ್ತೆರಡು, ನಿಪ್ಪಾಣಿ ತಾಲೂಕಿನ ಭೋಜದವರು. ತವರು ಅಲಖನೂರ. ಕುರಿ ಕಾಯುತ್ತಿದ್ದ ಗಂಡ ಸತ್ಯಪ್ಪ ಬಹಳ ಹಿಂದೆಯೇ ತೀರಿಕೊಂಡರು. ಮಗ ಮಾಳು ಕಾಗವಾಡದ ಕಡೆ ಹಾಲಿನ ಗಾಡಿ ಓಡಿಸುತ್ತಾನೆ. ಮಗಳು ಉಜ್ವಲಾ ತಾಯಿಗಿಂತ ಒಂದು ವರ್ಷ ಮೊದಲು, ಮೂತ್ರಪಿಂಡದ ಬೇನೆಯಿಂದ, ಇಪ್ಪತ್ತಾರು ತುಂಬುವ ಮುನ್ನ ಹೋದಳು.

ಉಜ್ವಲಾ ಕೊಲ್ಹಾಪುರದಲ್ಲಿ ಸಾಕುಪ್ರಾಣಿಗಳ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿಂದ ಕಾಗದಪತ್ರ ಸಮೇತ ತಂದದ್ದು ಹೊರದೇಶದ ಒಂದು ನೆಲದಾಮೆಯ ಮರಿ. ನಮ್ಮ ಹೊಲಗಳಲ್ಲಿ ಸಿಗುವ ನಕ್ಷತ್ರದ ಆಮೆಯಲ್ಲ. ನಕ್ಷತ್ರದ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವೆಂದು ಆಕೆಗೆ ತಿಳಿದಿತ್ತು. ಮರಿಗೆ ಬಾಳ್ಯಾ ಎಂದು ಹೆಸರಿಟ್ಟಳು. ಆಸ್ಪತ್ರೆಯ ಹಾಸಿಗೆಯಲ್ಲಿ ತಾಯಿಯ ಕೈ ಹಿಡಿದು ಆಕೆ ಕೇಳಿದ್ದು ಒಂದೇ ಮಾತು: “ಯವ್ವಾ, ಬಾಳ್ಯಾನ್ನ ಸಾಯಗೊಡಬ್ಯಾಡ ಬೇ. ನನ್ನಂಗ ನೋಡ್ಕೋ.”

ಅಲ್ಲಿಯವರೆಗೆ ಬಾಳ್ಯಾ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿತ್ತು. ಮಣ್ಣು ಮುಟ್ಟದ ಜೀವ ಬಾಳುವುದಿಲ್ಲವೆಂದು ದುಂಡವ್ವ ಅಂಗಳದಲ್ಲಿ ಇಟ್ಟಿಗೆಯ ಗಿಡ್ಡ ಗೋಡೆ ಎಬ್ಬಿಸಿದರು. ಒಳಗೆ ನೆಡಲು ಗಿಡ ಬೇಕಾಯಿತು. ಚಿಕ್ಕೋಡಿ ರಸ್ತೆಯಲ್ಲಿ ನರ್ಸರಿ ಇಟ್ಟುಕೊಂಡಿರುವ ಬಾಬಾಸಾಹೇಬರ ಮುಂದೆ ಹೋಗಿ ನಿಂತರು.

“ಹೂವಿನ ಗಿಡ ಬೇಕೋ, ಹಣ್ಣಿನ ಗಿಡ ಬೇಕೋ, ಆಯಿ?”

“ತಿಂದ್ರೂ ಸಾಯಬಾರ್ದ್ರಿ. ಅಂಥಾದ್ದು ಕೊಡ್ರಿ.”

“ಯಾರಿಗೆ ತಿನಸವ್ರು? ಸೊಸಿಗೇನ?”

“ಸೊಸಿ ಇನ್ನೂ ಬಂದಿಲ್ರಿ. ಆಮಿಗೆ.”

ಬಾಬಾಸಾಹೇಬರು ನಕ್ಕರು, ಆದರೆ ಗಿಡಗಳನ್ನು ಆರಿಸಿ ಕೊಟ್ಟರು. ದಾಸವಾಳ, ಹಿಪ್ಪುನೇರಳೆ, ಮುಳ್ಳು ಸುಟ್ಟ ಪಾಪಸುಕಳ್ಳಿ, ನೆಲಕ್ಕೆ ಕರಿಕೆ ಹುಲ್ಲು. ಕಣಗಿಲೆ, ಎಕ್ಕೆ, ಮನಿಪ್ಲಾಂಟ್ ಹತ್ತಿರಕ್ಕೂ ಬರಬಾರದೆಂದರು. ಔಷಧ ಹೊಡೆದ ಗಿಡಗಳನ್ನು ಹಲವು ಸಲ ತೊಳೆದು, ಹೊಸ ಚಿಗುರು ಬರುವವರೆಗೆ ಹೊರಗೇ ಇಡಬೇಕೆಂದರು. ನೆಲಕ್ಕೆ ಕೆಂಪು ಮಣ್ಣು ಮತ್ತು ತೆಂಗಿನ ನಾರಿನ ಪುಡಿ, ಅಗೆದು ಮಲಗುವಷ್ಟು ಆಳ, ಸದಾ ತುಸು ತೇವ. ಸಣ್ಣ ಹರಳು ಬೇಡ, ನುಂಗಿಬಿಡುತ್ತದೆ. ಯೂರಿಯಾದಂಥ ಸರಕಾರಿ ಗೊಬ್ಬರ ಬೇಡವೇ ಬೇಡ.

ದುಂಡವ್ವ ಒಂದನ್ನೂ ಮೀರಲಿಲ್ಲ. ಕೊಕಟನೂರ ಎಲ್ಲಮ್ಮನ ಪೂಜೆಗೆಂದು ಬೆಳೆಸಿದ್ದ ಕಣಗಿಲೆಯನ್ನು ಬೇರುಸಹಿತ ಕಿತ್ತರು. ನೆರೆಮನೆಯ ಲಕ್ಷ್ಮಿಬಾಯಿ ಗೋಡೆಯಾಚೆಯಿಂದ ಕೂಗಿದಳು: “ದೇವರ ಹೂವಿನ ಗಿಡ ಕಿತ್ತಿ ಆಮಿಗೆ ಮನಿ ಕಟ್ಟಾಕತ್ತಿ? ಎಂಥಾ ಹುಚ್ಚ ಬೇ ನಿಂದು?”

“ಇದು ಸುಮ್ಮ ತಿಂದ ಸುಮ್ಮ ಮಲಗತೈತಿ. ನಿನ್ನಂಗ ಗ್ವಾಡಿ ಮ್ಯಾಲಿಂದ ಒದರೂದಿಲ್ಲ.”

ಬಾಳ್ಯಾ ಆ ಮಣ್ಣಿನಲ್ಲಿ ಚೇತರಿಸಿಕೊಂಡಿತು. ದಾಸವಾಳ ಉದುರುವುದನ್ನೇ ಕಾದು ತಿನ್ನುತ್ತಿತ್ತು. ಮಗಳು ಸತ್ತ ಮೇಲೆ ದುಂಡವ್ವ ನಕ್ಕದ್ದು ಆ ಗೋಡೆಯ ಬಳಿ ಕುಳಿತಾಗ ಮಾತ್ರ.

ಬೇಸಿಗೆಯ ಕೊನೆಗೆ ಕೆಂಪಿರುವೆ ಹತ್ತಿ ಬಾಳ್ಯಾನ ಕಣ್ಣಿನ ಸುತ್ತ ಕಚ್ಚಿದವು. ದುಂಡವ್ವ ಆಗ ಮಾಡಿದ್ದು, ಭೋಜದ ಯಾವ ಹೆಂಗಸಾದರೂ ಮಾಡುತ್ತಿದ್ದ ಕೆಲಸ. ಕಾವಿಗೆ ಕುಳಿತ ಕೋಳಿಯ ಬುಟ್ಟಿಗೆ ಹೇನು ಬಾರದಂತೆ ನಾವು ತಂಬಾಕಿನ ಕಡ್ಡಿ ಹಾಸುತ್ತೇವೆ. ದುಂಡವ್ವ ಹುಡುಗಿಯಾಗಿದ್ದಾಗಿನಿಂದ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಎಲೆಯಿಂದ ಕಡ್ಡಿ ಬಿಡಿಸಿದವರು. ಉಡಿಯಲ್ಲಿ ಕಡ್ಡಿ ತಂದು, ಪುಡಿಮಾಡಿ, ಬಾಳ್ಯಾ ಮಲಗುವ ಮಣ್ಣಿಗೆ ಬೆರೆಸಿದರು. ಇರುವೆ ಹೋದವು. ಬಾಬಾಸಾಹೇಬರು ಬೇಡವೆಂದ ಗಿಡಗಳಲ್ಲಿ ತಂಬಾಕು ಇರಲಿಲ್ಲ. ಈ ಸೀಮೆಯಲ್ಲಿ ಅದನ್ನು ಗಿಡವೆಂದು ಎಣಿಸುವವರಿಲ್ಲ, ಅದು ಅನ್ನ.

ತೇವಕ್ಕೆ ಕಡ್ಡಿಯ ರಸ ಇಳಿಯಿತು. ಬಾಳ್ಯಾ ಜೊಲ್ಲು ಸುರಿಸಿತು, ಕಾಲು ನಡುಗಿದವು. ಹಸಿ ಟವೆಲ್ಲಿನಲ್ಲಿ ಸುತ್ತಿಕೊಂಡು ದುಂಡವ್ವ ನಿಪ್ಪಾಣಿಗೆ, ದನದ ಡಾಕ್ಟರ್ ಶುಭಾಂಗಿಯವರ ಬಳಿಗೆ ಓಡಿದರು. ಅವರು ಅದರ ಉಗುರಿಗಂಟಿದ ಮಣ್ಣನ್ನು ಮೂಸಿ ನೋಡಿದರು.

“ಮಣ್ಣಾಗ ಏನ್ ಬೆರಸೀರಿ, ಆಯಿ?”

“ಏನಿಲ್ರಿ ಡಾಕ್ಟರ್ ಬಾಯಿ. ಇರಿವಿಗಂತ ಒಂದೀಟ ತಂಬಾಕಿನ ಕಡ್ಡಿ.”

“ಅದು ವಿಷರೀ.”

“ನನ್ನ ಕೈ ಸಣ್ಣಾಕಿ ಇದ್ದಾಗಿಂದ ಅದರಾಗ ಅದಾವಲ್ರಿ. ನನಗೇನೂ ಆಗಿಲ್ಲ.”

“ಈ ಆಮಿ ನಿಮ್ಮ ಕೈಯಷ್ಟ ಐತ್ರಿ, ಆಯಿ.”

ಸಂಜೆಯೊಳಗೆ ಬಾಳ್ಯಾ ಸತ್ತಿತು.

“ಇನ್ನೊಂದ ತರೂಣು ಬಿಡ, ಯವ್ವಾ” ಎಂದ ಮಾಳು, ಸಮಾಧಾನಕ್ಕೆ.

“ಉಜ್ವಲಾನ್ನೂ ಇನ್ನೊಬ್ಬಾಕಿನ್ನ ತರ್ತಿ ಏನ?”

ದುಂಡವ್ವ ಆ ಮಣ್ಣನ್ನೆಲ್ಲ ಅಗೆದು ಊರಾಚೆ ಚೆಲ್ಲಿ, ಬುಟ್ಟಿಗಟ್ಟಲೆ ಹೊಸ ಮಣ್ಣು ಹೊತ್ತು ತಂದು ತುಂಬಿದರು. ಯಾರಿಗೆಂದು ಕೇಳಿದರೆ ಇನ್ನೊಂದು ಬುಟ್ಟಿ ತರಲು ಹೋಗುತ್ತಿದ್ದರು. ವಖಾರಿಗೆ ಮತ್ತೆ ಹೋಗಲಿಲ್ಲ. ಉಣ್ಣುವ ಮೊದಲು ಕೈಯನ್ನು ಚರ್ಮ ಸುಲಿಯುವಂತೆ ತಿಕ್ಕುತ್ತಿದ್ದರು. ಕೊನೆಕೊನೆಗೆ ತೊಳೆದು, ಉಣ್ಣದೆ ಎದ್ದುಬಿಡುತ್ತಿದ್ದರು. ದೀಪಾವಳಿಯ ನಂತರ ಒಂದು ಬೆಳಿಗ್ಗೆ ಏಳಲಿಲ್ಲ.

ಆಮೆಗಾಗಿ ಸತ್ತ ಮುದುಕಿ ಎಂದು ಊರಿನಲ್ಲಿ ಕೆಲವರು ನಗುತ್ತಾರೆ. ನಗುವವರು ನಾಚಬೇಕು. ಸಾಯುವ ಮಗಳು ಕೇಳಿದ ಒಂದೇ ಮಾತನ್ನು ತನ್ನ ಕೈಯೇ ಕೆಡಿಸಿತೆಂದು ತಿಳಿದ ತಾಯಿ ಅವರು.

ಅವರು ಬಿಟ್ಟುಹೋದದ್ದು: ಮಗ ಮಾಳು. ಎರಡು ಇಳಕಲ್ ಸೀರೆ, ಒಂದರ ಮಡಿಕೆ ಬಿಚ್ಚಿಲ್ಲ. ಉಜ್ವಲಾಳ ಮೊಬೈಲು, ಚಾರ್ಜ್ ಇಲ್ಲದ್ದು. ಮೂರು ಕೋಳಿ, ತಂಬಾಕು ತೆಗೆದುಹಾಕಿದ ಒಂದು ಬುಟ್ಟಿ. ಸವೆದ ಸಾಬೂನು. ಇಟ್ಟಿಗೆಯ ಗಿಡ್ಡ ಗೋಡೆ, ಒಳಗೆ ಶುದ್ಧವಾದ ಕೆಂಪು ಮಣ್ಣು, ಮತ್ತು ತಿನ್ನುವವರಿಲ್ಲದೆ ಮೊಣಕಾಲೆತ್ತರ ಬೆಳೆದ ಕರಿಕೆ.